ಎಚಿಗೊ ಸೀಮೆಯ ಬಣ್ಣದ ಗೆಂಡೆ

ಕಳೆದ ವರ್ಷದ ಶ್ರಾವಣಮಾಸದಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಮನೆಗೆ ಸತ್ಯನಾರಾಯಣ ವ್ರತದ ಪ್ರಸಾದಕ್ಕಾಗಿ ಹೋಗಿದ್ದೆನು. ಆತನು ಈಗ ನಮ್ಮ ಊರಿನಲ್ಲಿ ವಕೀಲನು. ಮನೆಯ ಹಿತ್ತಿಲಿನಲ್ಲಿ ತೆಂಗಿನ ಮರಗಳ ನೆರಳಿಗೆ ಸಿಮೆಂಟಿನ ಕೊಳವೊಂದನ್ನು ಕಟ್ಟಿಸಿ, ಅದರಲ್ಲಿ ಮೊಳದುದ್ದದ ಮೀನುಗಳನ್ನು ಸಾಕಿರುವನು. ಹಾಲಿನಂತಹ ಬಿಳಿಯ ಮೈಯ ಮೇಲೆ ದಾಸವಾಳದ ಕೆಂಪು ಚೆಲ್ಲಿದಂತೆ ಕೆಲವು. ಅದರ ಮೇಲೆ ಮಸಿಯ ತೊಟ್ಟಿಟ್ಟಂತೆ ಕೆಲವು. ಅಪರಂಜಿಯ ತಗಡನ್ನು ಹೊದಿಸಿದಂತೆ ಒಂದು. ದಡದಲ್ಲಿ ನಿಂತು ಕೈಯೊಡ್ಡಿದೊಡನೆ ಅವು ಬಾಯ್ದೆರೆದು ಗುಂಪುಗೂಡಿ ಬರುವ ಚೆಂದವನ್ನು ನೋಡುತ್ತ ನಾನು ಊಟದ ಹೊತ್ತನ್ನೇ ಮರೆತೆನು.

ಆದರೆ ಮನೆಯ ಯಜಮಾನನ ಮುಖದಲ್ಲಿ ಸಂತೋಷವಿರಲಿಲ್ಲ. “ಮೇಷ್ಟ್ರೇ, ನನಗೆ ಮೋಸವಾಯಿತು. ಅಸಲು ಜಪಾನಿನ ತಳಿ ಎಂದು ಹೇಳಿ ಒಂದೊಂದಕ್ಕೆ ಸಾವಿರಗಟ್ಟಲೆ ರೂಪಾಯಿ ತೆಗೆದುಕೊಂಡರು. ಇವುಗಳ ಮರಿಗಳನ್ನು ನೋಡಿ, ನಮ್ಮ ಕೆರೆಯ ಮೀನಿನ ಹಾಗೆ ಮಣ್ಣಿನ ಬಣ್ಣ. ಅಸಲು ತಳಿಯಾಗಿದ್ದರೆ ಹೀಗಾಗುತ್ತಿತ್ತೇ?” ಎಂದು ಕೇಳಿದನು. ಅಂತರಗಂಗೆಯ ಬೇರುಗಳ ನಡುವೆ ಬೆರಳುದ್ದದ ಮರಿಗಳು ಸುಳಿದಾಡುತ್ತಿದ್ದುವು. ಹೆಚ್ಚಿನವು ಕಂದುಗಪ್ಪು, ಕೆಲವು ಮಾಸಲು ಹಳದಿ. ಒಂದೆರಡರ ಬೆನ್ನಿನಲ್ಲಿ ಮಾತ್ರ ಕೆಂಪಿನ ಸುಳಿವು. ಅಷ್ಟರಲ್ಲಿ ಆತನ ತಾಯಿಯವರು, “ಅವು ಆ ದೇಶದ ಅರಮನೆಯ ಮೀನುಗಳಂತೆ, ಸಾವಿರಾರು ವರ್ಷಗಳಿಂದ ರಾಜರೇ ಸಾಕಿಕೊಂಡು ಬಂದದ್ದಂತೆ. ನಮ್ಮಂಥವರ ಮನೆಗೆ ಬಂದರೆ ಬಣ್ಣ ನಿಂತೀತೇ?” ಎಂದು ತಮ್ಮ ತೀರ್ಪನ್ನು ಕೊಟ್ಟರು.

ಮತ್ಸ್ಯವು ದಶಾವತಾರಗಳಲ್ಲಿ ಮೊದಲನೆಯದು ಎಂಬುದರ ಹೊರತು ಮೀನುಗಳ ವಿಷಯದಲ್ಲಿ ನನಗೆ ಆಗ ಹೆಚ್ಚೇನೂ ತಿಳಿದಿರಲಿಲ್ಲವಾದ ಕಾರಣ ಸುಮ್ಮನೆ ಬಂದೆನು. ಬಳಿಕ ಒಂದು ವರ್ಷ ಕಾಲ ಸಿಕ್ಕ ಗ್ರಂಥಗಳನ್ನೂ ವರದಿಗಳನ್ನೂ ಓದಿದ್ದಾಯಿತು. ಮಗನ ಸಂದೇಹ, ತಾಯಿಯ ನಂಬಿಕೆ, ಎರಡೂ ಸರಿಯಲ್ಲವೆಂದು ಈಗ ಹೇಳಬಲ್ಲೆನು. ಈ ಮೀನುಗಳ ಚರಿತ್ರೆಯು ಅರಮನೆಯದಲ್ಲ, ಸಾವಿರಾರು ವರ್ಷಗಳದೂ ಅಲ್ಲ. ಅದು ಸುಮಾರು ಇನ್ನೂರು ವರ್ಷಗಳಷ್ಟು ಹಳೆಯದು. ಹಿಮದಲ್ಲಿ ಹೂತುಹೋಗುವ ಕೆಲವು ಬಡ ಬೇಸಾಯಗಾರರ ಹಳ್ಳಿಗಳದು.

ಮೊದಲು ಹೆಸರಿನ ವಿಚಾರ. “ಕೋಯಿ” ಎಂದರೆ ಜಪಾನರ ಮಾತಿನಲ್ಲಿ ಗೆಂಡೆ ಮೀನು, ಅಷ್ಟೆ. ನಮ್ಮ ನಾಡಿನ ಕೆರೆಗಳಲ್ಲಿ ಈಗ ಹೇರಳವಾಗಿ ಸಾಕುವ, ಮೀನುಗಾರಿಕೆ ಇಲಾಖೆಯವರು ಸಾಮಾನ್ಯ ಗೆಂಡೆ ಎಂದು ಕರೆಯುವ ಮೀನಿಗೂ ಇದಕ್ಕೂ ಅತಿ ಸಮೀಪದ ಬಂಧುತ್ವವಿರುವುದು. ಬಣ್ಣದ ಗೆಂಡೆಗೆ ಅವರು “ನಿಶಿಕಿಗೊಯಿ” ಎನ್ನುವರು. ನಿಶಿಕಿ ಎಂದರೆ ಬಣ್ಣಬಣ್ಣದ ಜರತಾರಿ ನೆಯ್ಗೆಯ ಪಟ್ಟೆ. ಹೆಸರು ಸೊಗಸಾಗಿದೆ, ಆದರೆ ಹಳೆಯದಲ್ಲ. ಅದು ಬಳಕೆಗೆ ಬಂದದ್ದು ಇಪ್ಪತ್ತನೆಯ ಶತಮಾನದಲ್ಲಿ. ಅದಕ್ಕೆ ಮೊದಲು ಸಾಕುವವರು “ಇರೊಗೊಯಿ”, ಅಂದರೆ ಬಣ್ಣದ ಗೆಂಡೆ, ಎಂದು ಸಾದಾ ಮಾತಿನಲ್ಲಿಯೇ ಕರೆಯುತ್ತಿದ್ದರು. ಗಾಜಿನ ಬುಡ್ಡಿಯಲ್ಲಿ ಸಾಕುವ ಚಿನ್ನದ ಮೀನು ಬೇರೆ, ಇದು ಬೇರೆ. ಚಿನ್ನದ ಮೀನು ಚೀಣಾದೇಶದಲ್ಲಿ ಹುಟ್ಟಿ, ಜಪಾನಿನ ಪಟ್ಟಣಿಗರ ಮನೆಗಳಲ್ಲಿ ಬೆಳೆಯಿತು. ಗೆಂಡೆಗೆ ಬಾಯಿಯ ಎರಡು ಕಡೆಗಳಲ್ಲಿಯೂ ಮೀಸೆಗಳುಂಟು, ಚಿನ್ನದ ಮೀನಿಗಿಲ್ಲ. ಗುರುತು ಹಿಡಿಯಲು ಇಷ್ಟು ಸಾಕು.

ಗೆಂಡೆಯ ಕೀರ್ತಿಯು ಪೂರ್ವದೇಶಗಳಲ್ಲಿ ಬಹು ಪುರಾತನವಾದುದು ಎಂಬುದು ನಿಜವೇ. ಚೀಣಾದೇಶದ ಕನ್‌ಫ್ಯೂಷಿಯಸ್ ಋಷಿಗೆ ಮಗನು ಹುಟ್ಟಿದಾಗ ಲೂ ಸಂಸ್ಥಾನದ ಅರಸನು ಒಂದು ಗೆಂಡೆ ಮೀನನ್ನು ಉಡುಗೊರೆಯಾಗಿ ಕಳುಹಿಸಿದನೆಂದೂ, ಆ ಗೌರವದ ನೆನಪಿಗಾಗಿ ಮಗುವಿಗೆ ಗೆಂಡೆಯ ಹೆಸರನ್ನೇ ಇಟ್ಟರೆಂದೂ ಹೇಳುವರು. ತಾಂಗ್ ವಂಶದ ಚಕ್ರವರ್ತಿಗಳ ಮನೆತನದ ಹೆಸರೂ ಗೆಂಡೆಯ ಹೆಸರೂ ಉಚ್ಚಾರದಲ್ಲಿ ಒಂದೇ ಆಗಿದ್ದುದರಿಂದ ಆ ಮೀನನ್ನು ತಿನ್ನಬಾರದೆಂಬ ನಿಷೇಧವೂ ಒಮ್ಮೆ ಹುಟ್ಟಿತು. ಜಪಾನಿನಲ್ಲಿ ಕ್ರಿ. ಶ. ೭೨೦ ರಲ್ಲಿ ಪೂರೈಸಿದ “ನಿಹೊನ್ ಶೋಕಿ” ಎಂಬ ಇತಿಹಾಸಗ್ರಂಥದಲ್ಲಿ ಕೈಕೊ ಎಂಬ ಚಕ್ರವರ್ತಿಯ ಕಥೆಯೊಂದುಂಟು. ಆತನು ಮೀನೊ ಪ್ರಾಂತದಲ್ಲಿ ಒಬ್ಬ ಸುಂದರಿಯನ್ನು ವರಿಸಲು ಹೋದಾಗ ಆಕೆ ಬಿದಿರಿನ ಮೆಳೆಯಲ್ಲಿ ಅಡಗಿಕೊಂಡಳಂತೆ. ಅರಸನು ಕೊಳದಲ್ಲಿ ಗೆಂಡೆಗಳನ್ನು ಬಿಡಿಸಿ ಬೆಳಗೂ ಸಂಜೆಯೂ ನೋಡುತ್ತ ಕುಳಿತನು. ಅವುಗಳನ್ನು ಕಾಣುವ ಆಸೆಯಿಂದ ಕನ್ಯೆಯು ತಾನಾಗಿ ಹೊರಬಂದಳು. ಕಾಳಿದಾಸನ ಕೈಗೆ ಸಿಕ್ಕಿದ್ದರೆ ಒಂದು ಅಂಕವೇ ಆಗುತ್ತಿತ್ತು.

ಆದರೆ ಈ ಕಥೆಗಳಲ್ಲಿ ಬರುವುದು ಗೆಂಡೆಯೇ ಹೊರತು ಇಂದಿನ ಚಿತ್ರಪಟದಂತಹ ಗೆಂಡೆಯಲ್ಲ. ಕೆಂಪನೆಯ ಮೀನೊಂದು ಆಗೊಮ್ಮೆ ಈಗೊಮ್ಮೆ ಹುಟ್ಟುವುದು ಬೇರೆ, ತಳಿಯನ್ನು ಕಟ್ಟುವುದು ಬೇರೆ. ಚೆಲುವಾದುದನ್ನು ಕಂಡಕೂಡಲೇ ಅದು ಪ್ರಾಚೀನವೆಂದೂ, ಪ್ರಾಚೀನವಾದುದೆಲ್ಲ ಅರಸರದೆಂದೂ ಊಹಿಸಿಕೊಳ್ಳುವುದು ನಮ್ಮಲ್ಲಿ ಮಾತ್ರವೇ ಇರುವ ದೋಷವಲ್ಲ. ಜಪಾನಿನ ಗಿಫು ಪ್ರಾಂತದಲ್ಲಿ ಹನಾಕೊ ಎಂಬ ಕೆಂಪು ಗೆಂಡೆಯೊಂದು ೧೯೭೭ ರಲ್ಲಿ ಸತ್ತಾಗ ಅದಕ್ಕೆ ೨೨೬ ವರ್ಷ ವಯಸ್ಸಾಗಿತ್ತೆಂದು ಸಾರಿದರು. ಹುರುಪೆಯ ಮೇಲಿನ ಬಳೆಗಳನ್ನು ಎಣಿಸಿ ಹೇಳಿದ ಲೆಕ್ಕವದು. ಮುದಿ ಮೀನಿನ ಹುರುಪೆಯ ಬಳೆಗಳು ನಂಬತಕ್ಕ ಸಾಕ್ಷಿಯಲ್ಲವೆಂದು ಪ್ರಾಣಿಶಾಸ್ತ್ರಜ್ಞರ ಅಭಿಪ್ರಾಯ. ಚೆನ್ನಾಗಿ ಸಾಕಿದ ಗೆಂಡೆಯು ಮೂವತ್ತು ನಲವತ್ತು ವರ್ಷ ಬಾಳಿದರೆ ಅದೇ ದೊಡ್ಡ ಮಾತು.

ಅರಸರ ಮತ್ಸ್ಯವಿನೋದವು ಹೇಗಿರುತ್ತಿತ್ತೆಂಬುದನ್ನು ತಿಳಿಯಲು ನಾವು ಜಪಾನಿಗೆ ಹೋಗಬೇಕಾದುದಿಲ್ಲ. ಕಲ್ಯಾಣದ ಚಾಲುಕ್ಯ ಚಕ್ರವರ್ತಿಯಾದ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದ ಪೂರ್ವಾರ್ಧದಲ್ಲಿ ಸಂಸ್ಕೃತದಲ್ಲಿ ರಚಿಸಿದ “ಮಾನಸೋಲ್ಲಾಸ”ದಲ್ಲಿ ಮತ್ಸ್ಯವಿನೋದವೆಂಬ ಪ್ರಕರಣವೇ ಉಂಟು. ಕಡಲಿನ ಮೀನು, ಹೊಳೆಯ ಮೀನು, ಹುರುಪೆಯುಳ್ಳುದು, ಇಲ್ಲದುದು ಎಂದು ವಿಂಗಡಿಸಿ, ಮೂವತ್ತಕ್ಕೆ ಮೀರಿದ ಜಾತಿಗಳನ್ನು ಹೆಸರಿಸಿ, ಯಾವುದಕ್ಕೆ ಯಾವ ಮೇವನ್ನು ಹಾಕಿ ಕೊಬ್ಬಿಸಬೇಕೆಂಬುದನ್ನೂ, ಗಾಳದ ದಾರವು ಹೇಗಿರಬೇಕೆಂಬುದನ್ನೂ ಆತನು ವಿವರಿಸಿರುವನು. ಪಾಠಶಾಲೆಯಲ್ಲಿದ್ದಾಗ ನಾವು ಈ ಭಾಗವನ್ನು ಓದದೆ ಪುಟ ಮಗುಚಿದ್ದೆವು. ಈಗ ಓದಿದರೆ ಆ ಅರಸನ ಕಣ್ಣಿನ ಚುರುಕಿಗೆ ಆಶ್ಚರ್ಯವಾಗುವುದು. ಆದರೂ ಅಲ್ಲಿ ಮೀನನ್ನು ಸಾಕುವುದು ಕೊನೆಗೆ ಗಾಳಕ್ಕೆ ಸಿಕ್ಕಿಸುವ ಆಟಕ್ಕಾಗಿ. ಇದ್ದ ಮೀನನ್ನು ಅರಸನು ಬಲ್ಲನು. ಇಲ್ಲದ ಮೀನನ್ನು ಉಂಟುಮಾಡಬೇಕೆಂಬ ಯೋಚನೆಯು ಅಲ್ಲಿಲ್ಲ. ಅಂತಹ ಯೋಚನೆಯು ಹುಟ್ಟಿದ್ದು ಬಹು ಕಾಲದ ಮೇಲೆ, ಬಹು ದೂರದಲ್ಲಿ, ಬಹು ಸಾಮಾನ್ಯರಲ್ಲಿ.

ಜಪಾನಿನ ಮುಖ್ಯದ್ವೀಪದಲ್ಲಿ, ಟೋಕಿಯೊ ನಗರಕ್ಕೆ ಉತ್ತರವಾಗಿ, ನಡುವಣ ಪರ್ವತಶ್ರೇಣಿಯನ್ನು ದಾಟಿದರೆ ಹಿಂದೆ ಎಚಿಗೊ ಎನ್ನಿಸಿಕೊಳ್ಳುತ್ತಿದ್ದ ಸೀಮೆಯು ದೊರೆಯುವುದು. ಈಗ ಅದಕ್ಕೆ ನೀಗಾತಾ ಪ್ರಾಂತವೆಂದು ಹೆಸರು. ಸೈಬೀರಿಯದ ಕಡೆಯಿಂದ ಬೀಸುವ ಚಳಿಗಾಳಿಯು ಜಪಾನ್ ಸಮುದ್ರದ ತೇವವನ್ನು ಹೀರಿಕೊಂಡು ಬಂದು ಈ ಬೆಟ್ಟಗಳಿಗೆ ತಾಗುವುದರಿಂದ, ಚಳಿಗಾಲದಲ್ಲಿ ಹತ್ತು ಹನ್ನೆರಡು ಅಡಿಯ ವರೆಗೆ ಹಿಮವು ಬಿದ್ದು ಮನೆಗಳ ಸೂರನ್ನು ಮುಟ್ಟುವುದು. ಹಳ್ಳಿಯಿಂದ ಹಳ್ಳಿಗೆ ಹೋಗುವ ದಾರಿಯು ತಿಂಗಳುಗಟ್ಟಲೆ ಮುಚ್ಚಿಹೋಗುತ್ತಿದ್ದಿತು. ನಾಗಾವೊಕ ಮತ್ತು ಓಜಿಯ ಪಟ್ಟಣಗಳ ಹಿಂದಣ ಈ ಮಲೆಯಲ್ಲಿ ಯಮಕೋಶಿ ಮೊದಲಾದ ಹಳ್ಳಿಗಳಿರುವುವು. ಒಟ್ಟಿನಲ್ಲಿ “ಇಪ್ಪತ್ತು ಹಳ್ಳಿಗಳ ಸೀಮೆ” ಎಂದು ಹಳೆಯ ರೂಢಿ. ನೆಲವು ಜಾರುವ ಮಣ್ಣು. ಬೆಟ್ಟವು ಕುಸಿದಲ್ಲೆಲ್ಲ ಬೇಸಾಯಗಾರರು ಅದನ್ನೇ ಹಸನುಮಾಡಿ ಮೆಟ್ಟಿಲು ಮೆಟ್ಟಿಲಾಗಿ ಬತ್ತದ ಗದ್ದೆಗಳನ್ನು ಕಟ್ಟಿದರು. ನಮ್ಮ ಮಲೆನಾಡಿನ ಗದ್ದೆಗಳನ್ನು ಬಲ್ಲವರು ಆ ನೋಟವನ್ನು ಸುಲಭವಾಗಿ ಊಹಿಸಿಕೊಳ್ಳಬಹುದು. ಗದ್ದೆಗಳಿಗೆ ನೀರುಣಿಸಲು ಮೇಲೆ ಅಲ್ಲಲ್ಲಿ ಹೊಂಡಗಳನ್ನು ತೋಡಿದರು. ಆ ಹೊಂಡಗಳಲ್ಲಿ ಗೆಂಡೆಯ ಮರಿಗಳನ್ನು ಬಿಟ್ಟರು.

ಇದು ವಿನೋದಕ್ಕಲ್ಲ, ಹೊಟ್ಟೆಗಾಗಿ. ಕಡಲು ದೂರ, ಹಿಮದಲ್ಲಿ ಸಂತೆಯಿಲ್ಲ. ಮನೆಯ ಬಳಿಯ ಕೊಳದಲ್ಲಿ ಉಳಿಸಿಕೊಂಡ ಗೆಂಡೆಯೇ ಚಳಿಗಾಲದ ಆಹಾರ. ಬೇಸಗೆಯೆಲ್ಲ ಹೊಂಡದಲ್ಲಿ ಬೆಳೆದ ಮೀನನ್ನು ಹಿಮ ಬೀಳುವ ಮೊದಲು ಹಿಡಿದು ಮನೆಯ ಕೊಳಕ್ಕೆ ತರುತ್ತಿದ್ದರು. ಹತ್ತೊಂಬತ್ತನೆಯ ಶತಮಾನದ ಮೊದಲಲ್ಲಿ, ಜಪಾನರು ಬುಂಕ ಮತ್ತು ಬುನ್ಸೈ ಎಂದು ಕರೆಯುವ ಸಂವತ್ಸರಗಳಲ್ಲಿ, ಅಂದರೆ ೧೮೦೪ ರಿಂದ ೧೮೩೦ ರ ವರೆಗಿನ ಅವಧಿಯಲ್ಲಿ, ಈ ಕಪ್ಪು ಮೀನುಗಳ ನಡುವೆ ಕೆಂಪಿನ ಮಚ್ಚೆಯುಳ್ಳ, ಬಿಳುಪು ಹೊಟ್ಟೆಯುಳ್ಳ, ತಿಳಿಯಾದ ಮೈಬಣ್ಣದ ಮೀನುಗಳು ಕಾಣಿಸಿಕೊಂಡುವು. ಅಂತಹ ವಿಕಾರಗಳು ಗೆಂಡೆ ಇರುವ ಎಲ್ಲ ದೇಶಗಳಲ್ಲಿಯೂ ಹುಟ್ಟುತ್ತಿದ್ದಿರಬೇಕು. ಹೊಳೆಯಲ್ಲಿ ಹುಟ್ಟಿದ್ದನ್ನು ಕೊಕ್ಕರೆಯು ಮೊದಲು ಕಾಣುವುದು, ಅಲ್ಲಿಗೆ ಅದರ ವಂಶವು ಮುಗಿಯಿತು. ಇಲ್ಲಿ ಮಾತ್ರ ಯಾವನೋ ಒಬ್ಬ ಬೇಸಾಯಗಾರನು ಅಂತಹ ಮೀನನ್ನು ಮಡಕೆಗೆ ಹಾಕದೆ, ಮರುವರ್ಷಕ್ಕೆ ಉಳಿಸಿದನು. ಆತನ ಹೆಸರು ಚರಿತ್ರೆಯಲ್ಲಿಲ್ಲ. ಆಹಾರಕ್ಕೆ ಕಷ್ಟವಿದ್ದ ಸೀಮೆಯಲ್ಲಿ ತಿನ್ನಬಹುದಾದ ಒಂದು ಮೀನನ್ನು ನೋಟಕ್ಕಾಗಿ ಬಿಟ್ಟನೆಂಬುದನ್ನು ಓದುಗರು ತುಸು ನಿಂತು ಯೋಚಿಸಬೇಕೆಂದು ನನ್ನ ಬಿನ್ನಹ.

ಹಿಮದಿಂದ ಹೊರಲೋಕದ ಸಂಪರ್ಕವು ಕಡಿಮೆಯಾಗಿದ್ದುದೂ ತಳಿಗೆ ಅನುಕೂಲವಾಯಿತು. ಹೊರಗಿನ ಕಪ್ಪು ಮೀನು ಬೆರೆಯದೆ, ನೆರೆಹೊರೆಯವರು ತಮ್ಮ ತಮ್ಮಲ್ಲಿಯೇ ಮೀನುಗಳನ್ನು ಬದಲಾಯಿಸಿಕೊಂಡು ಕೂಡಿಸಿದರು. ಬೆನ್ನು ನೀಲಿಬೂದಿಯಾಗಿ ಪಕ್ಕೆಗಳು ಕೆಂಪಾದ ಅಸಗಿ ಎಂಬುದು ಹಳೆಯ ಬಗೆಗಳಲ್ಲಿ ಒಂದು. ಬಿಳಿಯ ಮೈಗೆ ಕೆಂಪು ಮಚ್ಚೆಯ ಕೊಹಾಕು ಎಂಬ ಬಗೆಯು ನೆಲೆಗೊಂಡದ್ದು ೧೮೮೯ ರ ಸುಮಾರಿಗೆ. ಉತೊಗಿ ಎಂಬ ಹಳ್ಳಿಯ ಕುನಿಜೊ ಹಿರೊಯಿ ಎಂಬ ಬೇಸಾಯಗಾರನ ಹೊಂಡದಲ್ಲಿ. ತಲೆಯು ಕೆಂಪಾದ ಹೆಣ್ಣನ್ನು ತನ್ನಲ್ಲಿದ್ದ ಮಚ್ಚೆಯ ಗಂಡಿನೊಡನೆ ಆತನು ಕೂಡಿಸಿದನು. ಇಂದು ಲೋಕದಲ್ಲಿ ಎಲ್ಲಿ ಒಳ್ಳೆಯ ಕೊಹಾಕು ಇದ್ದರೂ ಅದರ ವಂಶವೃಕ್ಷದ ಬೇರು ಆ ಕಾಲದ ಆ ಹಳ್ಳಿಗಳಲ್ಲಿ ಇರುವುದೆಂದು ಬಲ್ಲವರು ಹೇಳುವರು.

ಈಗ ನನ್ನ ಶಿಷ್ಯನ ದೂರಿಗೆ ಸಂಬಂಧಪಟ್ಟ ಭಾಗ. ಕುದುರೆಯ ತಳಿ, ಹಸುವಿನ ತಳಿ ಎಂದಂತೆ ಈ ಮೀನಿನ ತಳಿಯನ್ನು ತಿಳಿಯಬಾರದು. ಹಳ್ಳಿಕಾರ್ ಎತ್ತಿನ ಕರು ಹಳ್ಳಿಕಾರ್ ಆಗಿಯೇ ಹುಟ್ಟುವುದು. ಕೊಹಾಕು ಗೆಂಡೆಗಳ ಮರಿಗಳೆಲ್ಲ ಒಳ್ಳೆಯ ಕೊಹಾಕುಗಳಾಗುವುದಿಲ್ಲ. ವಸಂತವು ಕಳೆದು ನೀರು ಬೆಚ್ಚಗಾದಾಗ, ಮೇ ಜೂನ್ ತಿಂಗಳುಗಳಲ್ಲಿ, ಒಂದು ಹೆಣ್ಣನ್ನೂ ಎರಡು ಮೂರು ಗಂಡುಗಳನ್ನೂ ಬೇರೆ ತೊಟ್ಟಿಗೆ ಬಿಡುವರು. ಮೊಟ್ಟೆಗಳು ಅಂಟಿಕೊಳ್ಳಲೆಂದು ನಾರಿನ ಕುಚ್ಚುಗಳನ್ನು ಇಳಿಬಿಟ್ಟಿರುವರು. ಬೆಳಗಿನ ಜಾವಕ್ಕೆ ಒಂದೊಂದು ದೊಡ್ಡ ಹೆಣ್ಣು ಮೂರು ನಾಲ್ಕು ಲಕ್ಷ ಮೊಟ್ಟೆಗಳನ್ನಿಡುವುದು. ತಾಯಿತಂದೆಗಳನ್ನು ಕೂಡಲೇ ತೆಗೆಯಬೇಕು, ಇಲ್ಲದಿದ್ದರೆ ತಮ್ಮ ಮೊಟ್ಟೆಗಳನ್ನು ತಾವೇ ತಿನ್ನುವುವು. ನಾಲ್ಕೈದು ದಿನಗಳಲ್ಲಿ ಮರಿಯೊಡೆದು, ಕೂದಲೆಳೆಯಂತಹ ಜೀವಗಳು ಕೆಸರು ಹೊಂಡಕ್ಕೆ ಹೋಗುವುವು. ಹೊಂಡವನ್ನು ಮೊದಲೇ ಒಣಗಿಸಿ, ಗೊಬ್ಬರ ಹಾಕಿ, ನೀರು ತುಂಬಿ, ಕಣ್ಣಿಗೆ ಕಾಣುವುದೋ ಕಾಣದೋ ಎನ್ನುವಂತಹ ನೀರುಹುಳುಗಳನ್ನು ಮೇವಿಗಾಗಿ ಬೆಳೆಸಿರುವರು. ಹುಳು ಹೆಚ್ಚುವ ದಿನಕ್ಕೂ ಮರಿ ಬಿಡುವ ದಿನಕ್ಕೂ ಹೊಂದಿಕೆ ತಪ್ಪಿದರೆ ಆ ವರ್ಷದ ಬೆಳೆ ಹೋದಂತೆಯೇ.

ಆಮೇಲೆ ಆರಿಸುವಿಕೆ. ಇಡೀ ವಿದ್ಯೆಯ ಪ್ರಾಣವಿರುವುದು ಇಲ್ಲಿಯೇ. ಕಪ್ಪು, ಕೆಂಪು, ಬಿಳುಪುಗಳು ಬೆರೆತ ಶೋವಾ ಎಂಬ ಬಗೆಯಲ್ಲಿ ಮರಿಯೊಡೆದ ಕೆಲವೇ ದಿನಗಳಲ್ಲಿ ಮೊದಲ ಆಯ್ಕೆ: ಕಪ್ಪಾಗಿ ಕಂಡವುಗಳನ್ನು ಇಟ್ಟುಕೊಂಡು ತಿಳಿಬಣ್ಣದವುಗಳನ್ನು ತೆಗೆಯುವರು. ಕೊಹಾಕುವಿನಲ್ಲಿ ಒಂದೆರಡು ತಿಂಗಳು ಕಾದು, ಬಲೆಯಿಂದ ಎತ್ತಿ, ತೊಟ್ಟಿಯ ಬದಿಯಲ್ಲಿ ಕುಳಿತು ಮನೆಮಂದಿಯೆಲ್ಲ ಆರಿಸುವರು. ಸೊಟ್ಟ ಬಾಯಿ, ಡೊಂಕು ಬೆನ್ನು, ಬರಿಯ ಬಿಳುಪು, ಬರಿಯ ಕೆಂಪು, ಕೆಂಪಿದ್ದರೂ ಅಂಚು ಕದಡಿದ್ದು ಇವೆಲ್ಲ ಹೊರಗೆ. ಬೇಸಗೆ ಮುಗಿಯುವುದರೊಳಗೆ ಇನ್ನೂ ಎರಡು ಮೂರು ಬಾರಿ ಇದೇ ಕ್ರಮ. ಹೇಮಂತಕ್ಕೆ ಮೊದಲು ಹೊಂಡವನ್ನು ಬರಿದುಮಾಡಿ ಮೀನನ್ನು ಮೇಲಕ್ಕೆತ್ತುವಾಗ ನೂರಕ್ಕೆ ಒಂದೆರಡು ಉಳಿದಿದ್ದರೆ ಬಹಳ. ಅವುಗಳಲ್ಲಿ ತಾಯಿಯಾಗಿ ಇಟ್ಟುಕೊಳ್ಳತಕ್ಕ ಮೀನು ಹತ್ತು ವರ್ಷಕ್ಕೆ ಒಂದು ಸಿಕ್ಕರೂ ಸಿಕ್ಕಿತು, ಇಲ್ಲದಿದ್ದರೂ ಇಲ್ಲ. ಹೊರಗಿಟ್ಟ ಮರಿಗಳಿಗೆ ಬಹುಮಟ್ಟಿಗೆ ಬದುಕಿಲ್ಲ. ಇದನ್ನು ಓದಿದ ದಿನ ನನಗೆ ಮನಸ್ಸು ಸರಿಯಾಗಿರಲಿಲ್ಲ. ಸೌಂದರ್ಯವನ್ನು ಹೊಗಳುವ ಲೇಖಕರು ಈ ಭಾಗವನ್ನು ಒಂದು ಮಾತಿನಲ್ಲಿ ದಾಟಿಬಿಡುವರು. ಹಾಗೆ ದಾಟುವುದು ನ್ಯಾಯವಲ್ಲವೆಂದು ನಾನು ಬರೆದಿರುವೆನು.

ಆರಿಸುವವನ ಕಣ್ಣು ಏನನ್ನು ಹುಡುಕುವುದು? ಈ ಮೀನನ್ನು ಮೇಲಿನಿಂದ ನೋಡಬೇಕು, ಪಕ್ಕದಿಂದಲ್ಲ. ಕೊಳದ ದಂಡೆಯಲ್ಲಿ ನಿಂತವನ ನೋಟಕ್ಕಾಗಿ ಬೆಳೆದ ತಳಿಯಿದು. ಬಿಳುಪು ಹಿಮದಂತೆ ನಿಷ್ಕಳಂಕವಾಗಿರಬೇಕು. ಕೆಂಪು ತಲೆಯಿಂದ ತೊಡಗಬೇಕು, ಬಾಯಿಯನ್ನು ಮುಟ್ಟಬಾರದು, ಬಾಲಕ್ಕೆ ಸ್ವಲ್ಪ ಮುಂಚೆ ನಿಲ್ಲಬೇಕು. ಮೈಯೆಲ್ಲ ಬಿಳಿದಾಗಿ ನೆತ್ತಿಯಲ್ಲಿ ಮಾತ್ರ ಕುಂಕುಮದ ಬಟ್ಟಿನಂತೆ ದುಂಡನೆಯ ಕೆಂಪಿದ್ದರೆ ಅದಕ್ಕೆ ತಾಂಚೊ ಎಂದು ಹೆಸರು. ಅವರ ಕೆಂಪುನೆತ್ತಿಯ ಕೊಕ್ಕರೆಯ ಹೋಲಿಕೆಯಿಂದ ಬಂದದ್ದು. ಮರಿಯಲ್ಲಿ ಚೆನ್ನಾಗಿ ಕಂಡ ಬಣ್ಣವು ದೊಡ್ಡದಾದಾಗ ಮಾಸುವುದುಂಟು. ಮರಿಯಲ್ಲಿ ಮಂಕಾಗಿದ್ದುದು ನಾಲ್ಕನೆಯ ವರ್ಷಕ್ಕೆ ಬೆಳಗುವುದುಂಟು. ಮುಂದೆ ಆಗುವುದನ್ನು ಇಂದೇ ಕಾಣುವ ಕಣ್ಣು ತಂದೆಯಿಂದ ಮಗನಿಗೆ ಹೊಂಡದ ಬದಿಯಲ್ಲಿಯೇ ಬರಬೇಕು, ಪುಸ್ತಕದಿಂದ ಬರತಕ್ಕುದಲ್ಲ. ಮೂವತ್ತು ವರ್ಷ ಪಾಠ ಹೇಳಿದ ನನಗೆ ಈ ಮಾತು ತುಸು ಚುಚ್ಚಿತೆಂದೇ ಒಪ್ಪಿಕೊಳ್ಳುವೆನು.

ಈ ಸೀಮೆಯ ಹೊರಗೆ ಬಣ್ಣದ ಗೆಂಡೆಯನ್ನು ಬಲ್ಲವರು ೧೯೧೪ ರ ವರೆಗೆ ವಿರಳವಾಗಿದ್ದರು. ಆ ವರ್ಷ ಟೋಕಿಯೊದಲ್ಲಿ ನಡೆದ ತೈಶೊ ವಸ್ತುಪ್ರದರ್ಶನಕ್ಕೆ ಎಚಿಗೊದವರು ತಮ್ಮ ಮೀನುಗಳನ್ನು ಕೊಂಡುಹೋದರು. ಬಹುಮಾನ ಬಂದಿತು, ಕೆಲವು ಮೀನುಗಳು ಅರಮನೆಯ ನೀರಿಗೂ ಸೇರಿದುವು. ಶಿಷ್ಯನ ತಾಯಿಯವರು ಹೇಳಿದ ಅರಮನೆಯ ಮಾತಿಗೆ ಆಧಾರವು ಇಷ್ಟೇ: ಅರಮನೆಯಿಂದ ಹಳ್ಳಿಗೆ ಬಂದದ್ದಲ್ಲ, ಹಳ್ಳಿಯಿಂದ ಅರಮನೆಗೆ ಹೋದದ್ದು. ಅಲ್ಲಿಂದ ಮುಂದೆ ಹೊಸ ಬಗೆಗಳು ಬೇಗಬೇಗನೆ ಹುಟ್ಟಿದುವು. ಬಿಳುಪು ಕೆಂಪುಗಳಿಗೆ ಕಪ್ಪು ತೊಟ್ಟುಗಳು ಸೇರಿದ ಸಾಂಕೆಯನ್ನು ಐಜಬುರೊ ಹೊಶಿನೊ ಎಂಬಾತನು ೧೯೧೭ ರ ಸುಮಾರಿಗೆ ನೆಲೆಗೊಳಿಸಿದನು. ಹಿಂದೆ ಹೇಳಿದ ಶೋವಾ ಬಂದದ್ದು ೧೯೨೭ ರಲ್ಲಿ. ಇದಕ್ಕೆ ಮುನ್ನವೇ, ಜರ್ಮನಿಯಿಂದ ಆಹಾರಕ್ಕಾಗಿ ೧೯೦೪ ರಲ್ಲಿ ತರಿಸಿದ್ದ ಹುರುಪೆಯಿಲ್ಲದ ಗೆಂಡೆಯನ್ನು ಅಸಗಿಯೊಡನೆ ಕೂಡಿಸಿ, ಟೋಕಿಯೊದ ಯೊಶಿಗೊರೊ ಅಕಿಯಾಮ ಎಂಬಾತನು ೧೯೧೦ ರಲ್ಲಿ ಶುಸುಯಿ ಎಂಬ ಬಗೆಯನ್ನು ಪಡೆದಿದ್ದನು. ಆತನು ಮಾತ್ರ ಪಟ್ಟಣಿಗ.

ಇವೆಲ್ಲಕ್ಕಿಂತ ನನ್ನ ಮನಸ್ಸನ್ನು ಹಿಡಿದದ್ದು ಹೊನ್ನಿನ ಬಣ್ಣದ ಓಗೋನ್ ಮೀನಿನ ಕಥೆ. ತಾಕೆಜಾವ ಹಳ್ಳಿಯ ಸವಾತ ಅವೊಕಿ ಎಂಬ ಬೇಸಾಯಗಾರನಿಗೆ ೧೯೨೧ ರಲ್ಲಿ, ಬೆನ್ನಿನ ಮೇಲೆ ಹೊನ್ನಿನ ಗೆರೆಯಂತೆ ಹೊಳೆಯುವ ಹುರುಪೆಗಳುಳ್ಳ ಒಂದು ಕಪ್ಪು ಗೆಂಡೆಯು ದೊರಕಿತು. ಅದರ ಮರಿಗಳಲ್ಲಿ ಹೊಳಪು ಹೆಚ್ಚಿದ್ದುದನ್ನು ಆರಿಸಿದನು. ಅವುಗಳ ಮರಿಗಳಲ್ಲಿ ಮತ್ತೆ ಆರಿಸಿದನು. ಗೆಂಡೆಯು ತಾಯಿಯಾಗಲು ಮೂರು ನಾಲ್ಕು ವರ್ಷಗಳು ಬೇಕು. ತಪ್ಪನ್ನು ತಿದ್ದಿಕೊಳ್ಳಲು ಮತ್ತೆ ಅಷ್ಟೇ ವರ್ಷಗಳು. ಮಗನಾದ ಹಿದೆಯೊಶಿಯೂ ಕೆಲಸಕ್ಕೆ ನಿಂತನು. ಮೈಯೆಲ್ಲ ಹೊನ್ನಾದ ಮೀನು ಅವರ ಹೊಂಡದಲ್ಲಿ ಹೊಳೆದದ್ದು ೧೯೪೬ ರಲ್ಲಿ. ಇಪ್ಪತ್ತೈದು ವರ್ಷ. ನಡುವೆ ಒಂದು ಮಹಾಯುದ್ಧ ಹುಟ್ಟಿ ಮುಗಿದಿದ್ದಿತು.

ಆ ಯುದ್ಧಕಾಲವನ್ನು ಕುರಿತು ಒಂದು ಮಾತು ಹೇಳಬೇಕು. ಮನುಷ್ಯರಿಗೇ ಅನ್ನವಿಲ್ಲದಾಗ ನೋಟದ ಮೀನಿಗೆ ಮೇವು ಹಾಕುವುದು ವಿಲಾಸವೆನಿಸಿತು. ಹೊಂಡಗಳು ಆಹಾರದ ಮೀನಿಗೆ ಹಿಂದಿರುಗಿದುವು, ಬಹುಮಂದಿ ಬಣ್ಣದ ಮೀನುಗಳನ್ನು ಬಿಟ್ಟುಬಿಟ್ಟರು. ಕೆಲವರು ಮಾತ್ರ ತಾಯಿಮೀನುಗಳನ್ನು ಮಲೆಯ ಒಳಗಣ ಹೊಂಡಗಳಲ್ಲಿ ಬಚ್ಚಿಟ್ಟು ಉಳಿಸಿಕೊಂಡರು. ಇದು ಹಟವೆಂದು ಅನೇಕರು ಅಂದುಕೊಂಡಿರಬಹುದು. ಆದರೆ ಗದ್ದೆಯನ್ನು ಎರಡು ವರ್ಷ ಬೀಳುಬಿಟ್ಟರೆ ಮೂರನೆಯ ವರ್ಷ ಉಳಬಹುದು. ಈ ಮೀನನ್ನು ಹಾಗೆ ಬಿಡಲಾಗುವುದಿಲ್ಲ. ಆರಿಸುವ ಕೈ ನಿಂತರೆ ಕೆಲವೇ ತಲೆಮಾರುಗಳಲ್ಲಿ ಮಣ್ಣಿನ ಬಣ್ಣವು ಮೇಲಕ್ಕೆ ಬಂದು, ಹೊಳೆಗೆ ತಕ್ಕ ಕಪ್ಪು ಗೆಂಡೆಯೇ ಉಳಿಯುವುದು. ಇನ್ನೂರು ವರ್ಷದ ಕೆಲಸವೆಲ್ಲ ನೂರಾರು ತಾಯಿಮೀನುಗಳ ಮೈಯಲ್ಲಿ ಮಾತ್ರವೇ ಇರುವುದು, ಬೇರೆಲ್ಲಿಯೂ ಬರೆದಿಟ್ಟಿರುವುದಿಲ್ಲ.

ಯುದ್ಧದ ಬಳಿಕ ಪ್ಲಾಸ್ಟಿಕ್ಕಿನ ಚೀಲವು ಬಂದಿತು. ಚೀಲದಲ್ಲಿ ಸ್ವಲ್ಪ ನೀರನ್ನೂ ಮಿಕ್ಕಷ್ಟು ಆಮ್ಲಜನಕವನ್ನೂ ತುಂಬಿ ಬಾಯಿ ಕಟ್ಟಿದರೆ, ಮೀನು ವಿಮಾನದಲ್ಲಿ ಕುಳಿತು ಸಾಗರಗಳನ್ನು ದಾಟಬಹುದಾಯಿತು. ೧೯೬೮ ರಲ್ಲಿ ಅಖಿಲ ಜಪಾನಿನ ಪ್ರದರ್ಶನವೂ ಆರಂಭವಾಯಿತು. ಬತ್ತಕ್ಕಿಂತ ಮೀನೇ ಈ ಹಳ್ಳಿಗಳ ಬದುಕಿಗೆ ಮುಖ್ಯವಾಗುತ್ತ ಬಂದಿತು. ಇಸ್ರೇಲ್, ಅಮೆರಿಕ, ಚೀಣಾ, ಥಾಯಿ ದೇಶಗಳಲ್ಲಿಯೂ ನಮ್ಮಲ್ಲಿಯೂ ಸಾಕುವವರು ಹುಟ್ಟಿಕೊಂಡರು. ಈ ಭಾಗವು ಬರಿಯ ವ್ಯಾಪಾರದ ಚರಿತ್ರೆಯಾದುದರಿಂದ ಬೆಳೆಸುವುದಿಲ್ಲ. ಮೀನುಗಳ ಓಡಾಟವು ಹೆಚ್ಚಿದಂತೆ ರೋಗವೂ ಓಡಾಡಿತೆಂದು ಮಾತ್ರ ಹೇಳಬೇಕು. ಗೆಂಡೆಗಳನ್ನೇ ಕೊಲ್ಲುವ ಒಂದು ವಿಷಾಣುವು ೧೯೯೮ ರಲ್ಲಿ ಮೊದಲು ಗೊತ್ತಾಗಿ, ೨೦೦೩ ರಲ್ಲಿ ಜಪಾನಿನ ಕಸುಮಿಗೌರ ಸರೋವರದಲ್ಲಿ ಆಹಾರಕ್ಕಾಗಿ ಸಾಕಿದ್ದ ಗೆಂಡೆಗಳನ್ನು ರಾಶಿರಾಶಿಯಾಗಿ ಕೊಂದಿತು.

ಅದರ ಮರುವರ್ಷ, ೨೦೦೪ ರ ಅಕ್ಟೋಬರ್ ೨೩ ನೆಯ ತಾರೀಖು ಸಂಜೆ ಆರು ಗಂಟೆಗೆ ತುಸು ಮೊದಲು, ಇದೇ ಇಪ್ಪತ್ತು ಹಳ್ಳಿಗಳ ಸೀಮೆಯ ಕೆಳಗೆ ನೆಲವು ನಡುಗಿತು. ಭೂಕಂಪದ ಪ್ರಮಾಣವು ೬.೮. ಅರವತ್ತೆಂಟು ಮಂದಿ ಸತ್ತರು. ಜಾರುವ ಮಣ್ಣಿನ ಆ ಬೆಟ್ಟಗಳು ಸಾವಿರಾರು ಕಡೆಗಳಲ್ಲಿ ಕುಸಿದುವು. ಕುಸಿದ ಮಣ್ಣು ಇಮೊಕಾವ ಹೊಳೆಗೆ ಅಡ್ಡವಾಗಿ ನಿಂತು, ಹಿಂದಣ ನೀರಿನಲ್ಲಿ ಒಂದು ಊರಿನ ಮನೆಗಳು ಮುಳುಗಿದುವು. ದಾರಿಗಳೆಲ್ಲ ಕಡಿದುಹೋಗಿ, ಯಮಕೋಶಿ ಹಳ್ಳಿಯ ಎರಡು ಸಾವಿರಕ್ಕೆ ಮೇಲ್ಪಟ್ಟ ಜನರನ್ನು ಹೆಲಿಕಾಪ್ಟರುಗಳಲ್ಲಿ ನಾಗಾವೊಕ ಪಟ್ಟಣಕ್ಕೆ ಸಾಗಿಸಬೇಕಾಯಿತು. ಉಟ್ಟ ಬಟ್ಟೆಯಲ್ಲಿ ಹೊರಟವರು ಹಟ್ಟಿಯ ದನಗಳನ್ನೂ ಹೊಂಡದ ಮೀನುಗಳನ್ನೂ ಹಾಗೆಯೇ ಬಿಟ್ಟು ಹೊರಟರು.

ಕಾಲವನ್ನು ಗಮನಿಸಬೇಕು. ಅಕ್ಟೋಬರ್ ಎಂದರೆ ವರ್ಷದ ಬೆಳೆಯನ್ನು ಹೊಂಡದಿಂದೆತ್ತಿ ಮನೆಯೊಳಗಣ ತೊಟ್ಟಿಗಳಿಗೆ ತರುವ ಸಮಯ. ಬಿರುಕುಬಿಟ್ಟ ಹೊಂಡಗಳಿಂದ ನೀರು ಸೋರಿಹೋಯಿತು. ತೊಟ್ಟಿಗಳಲ್ಲಿದ್ದ ಮೀನುಗಳು, ವಿದ್ಯುಚ್ಛಕ್ತಿ ನಿಂತು ಗಾಳಿ ಊದುವ ಯಂತ್ರಗಳು ನಿಂತದ್ದರಿಂದ, ಉಸಿರುಕಟ್ಟಿ ಸತ್ತುವು. ತಾಯಿಮೀನುಗಳಲ್ಲಿ ಎಷ್ಟು ಉಳಿದಿವೆಯೆಂಬುದು ಪಟ್ಟಣದ ಆಶ್ರಯದಲ್ಲಿ ಕುಳಿತ ಸಾಕುವವರಿಗೆ ತಿಳಿಯದು; ಹಿಮವು ಬೀಳಲು ಕೆಲವೇ ವಾರಗಳಿದ್ದುವು. ಕೆಲವು ದಿನಗಳ ಬಳಿಕ ಅಪ್ಪಣೆ ಪಡೆದು ಹಿಂದಿರುಗಿದವರು, ಉಳಿದಿದ್ದ ಮೀನುಗಳನ್ನು ಹಿಡಿದು ಹೆಲಿಕಾಪ್ಟರುಗಳಲ್ಲಿ ಕೆಳಗೆ ಸಾಗಿಸಿದರು. ದನಗಳನ್ನೂ ಹಾಗೆಯೇ ಇಳಿಸಿದರು. ಪರಸ್ಥಳದ ಸಾಕುವವರು ತಮ್ಮ ಕೊಳಗಳಲ್ಲಿ ಎಡೆಮಾಡಿಕೊಟ್ಟರು. ಮನೆಯನ್ನು ಕಳೆದುಕೊಂಡವನು ಮೀನಿಗಾಗಿ ಬೆಟ್ಟ ಹತ್ತಿದನೇಕೆಂದು ಕೇಳುವವರಿಗೆ, ಅಜ್ಜನು ಆರಿಸಿದ್ದನ್ನು ತಂದೆಯು ಆರಿಸಿ, ತಂದೆಯು ಆರಿಸಿದ್ದನ್ನು ತಾನು ಆರಿಸಿದ ಮೀನುಗಳವು ಎಂಬುದೇ ಉತ್ತರ. ಮನೆಯನ್ನು ಮತ್ತೆ ಕಟ್ಟಬಹುದು.

ಯಮಕೋಶಿಯು ೨೦೦೫ ರ ಏಪ್ರಿಲ್ಲಿನಲ್ಲಿ ನಾಗಾವೊಕ ಪಟ್ಟಣದೊಳಗೆ ಸೇರಿ, ಸ್ವತಂತ್ರ ಗ್ರಾಮವೆಂಬ ಹೆಸರನ್ನು ಕಳೆದುಕೊಂಡಿತು. ಜನರು ೨೦೦೭ ರ ಕೊನೆಯ ಹೊತ್ತಿಗೆ ಹಿಂದಿರುಗಿದರು, ಎಲ್ಲರೂ ಅಲ್ಲ. ಗದ್ದೆಗಳನ್ನೂ ಹೊಂಡಗಳನ್ನೂ ಮತ್ತೆ ಕಟ್ಟಿದರು. ೨೦೧೭ ರಲ್ಲಿ ಜಪಾನ್ ಸರ್ಕಾರವು ಆ ಸೀಮೆಯ ಮೆಟ್ಟಿಲು ಗದ್ದೆ ಮತ್ತು ಗೆಂಡೆಸಾಕಣೆಯನ್ನು ದೇಶದ ಮುಖ್ಯ ಕೃಷಿಪರಂಪರೆಗಳಲ್ಲಿ ಒಂದೆಂದು ಮನ್ನಿಸಿತು. ಮರುವರ್ಷ ಹಿರೊಶಿಮದ ಮತ್ಸ್ಯಶಾಲ್ಯೊಂದರಲ್ಲಿ ಬೆಳೆದ ಒಂದು ಕೊಹಾಕು ಹರಾಜಿನಲ್ಲಿ ಇಪ್ಪತ್ತು ಕೋಟಿಗೂ ಮೇಲ್ಪಟ್ಟ ಯೆನ್ನುಗಳಿಗೆ ಹೋಯಿತು. ವೃತ್ತಪತ್ರಿಕೆಗಳು ಹೆಚ್ಚಾಗಿ ಬರೆದದ್ದು ಈ ಬೆಲೆಯನ್ನೇ. ನನಗೇನೋ ಅದರಲ್ಲಿ ರುಚಿ ಹುಟ್ಟಲಿಲ್ಲ. ಹಳ್ಳಿಗಳಲ್ಲಿ ಮುದುಕರು ಹೆಚ್ಚುತ್ತಿರುವರು, ಆರಿಸುವ ಕಣ್ಣನ್ನು ಕಲಿಯಲು ತರುಣರು ಕಡಿಮೆ ಎಂಬುದು ಬೆಲೆಗಿಂತ ದೊಡ್ಡ ಸುದ್ದಿಯೆಂದು ನನ್ನ ತಿಳಿವಳಿಕೆ.

ಈ ಸಂಗತಿಗಳನ್ನೆಲ್ಲ ಮೊನ್ನೆ ನನ್ನ ಶಿಷ್ಯನಿಗೆ ಹೇಳಿದೆನು. “ಹಾಗಾದರೆ ನನಗೆ ಮೋಸವಾಗಲಿಲ್ಲವೇ, ಮೇಷ್ಟ್ರೇ?” ಎಂದನು. ಬೆಲೆಯಲ್ಲಿ ಆಗಿದ್ದರೂ ಆಗಿರಬಹುದು, ಮರಿಯ ಬಣ್ಣದಲ್ಲಿ ಆಗಿಲ್ಲವಪ್ಪಾ ಎಂದೆನು. ಬಗೆಬಗೆಯ ಮೀನುಗಳನ್ನು ಒಂದೇ ಕೊಳದಲ್ಲಿ ಬಿಟ್ಟು, ಅವು ತಮ್ಮಿಷ್ಟದಂತೆ ಕೂಡಿ, ಯಾರೂ ಆರಿಸದೆ ಬೆಳೆದ ಮರಿಗಳು ಹಾಗಲ್ಲದೆ ಇನ್ನು ಹೇಗಿರಬೇಕು? ಆತನು ತುಸು ಹೊತ್ತು ಸುಮ್ಮನಿದ್ದು ಒಳಗೆ ಹೋಗಿ, ಮಗಳು ಹಾಲಿನ ಪಾತ್ರೆ ತೊಳೆಯಲು ಇಟ್ಟಿದ್ದ ಬಿಳಿಯ ಬೇಸಿನ್ನನ್ನು ತಂದನು. ಬೆನ್ನಿನಲ್ಲಿ ಕೆಂಪಿನ ಸುಳಿವಿದ್ದ ಮರಿಗಳು ಈಗ ಗೇಣುದ್ದ ಬೆಳೆದಿದ್ದುವು. ಅವುಗಳನ್ನು ಬಲೆಯಲ್ಲೆತ್ತಿ ಬೇಸಿನ್ನಿಗೆ ಬಿಟ್ಟು ನಾವಿಬ್ಬರೂ ಮೇಲಿನಿಂದ ಬಗ್ಗಿ ನೋಡಿದೆವು. ಒಂದರ ಕೆಂಪು ಬಾಯಿಯ ವರೆಗೂ ಇಳಿದಿದ್ದಿತು. ಇನ್ನೊಂದರದು ಇಳಿದಿರಲಿಲ್ಲ. ಅದನ್ನು ಬೇರೆಯ ತೊಟ್ಟಿಗೆ ಹಾಕುತ್ತೇನೆ ಎಂದನು. ಮಿಕ್ಕವುಗಳನ್ನು ಏನು ಮಾಡುವೆ ಎಂದು ಕೇಳಿದೆನು. “ಕೊಲ್ಲಲು ನನ್ನ ಕೈಯಲ್ಲಿ ಆಗದು, ಹೊಳೆಗೆ ಬಿಡಬಾರದೆಂದು ಹೇಳುತ್ತಾರೆ, ಇದ್ದಷ್ಟು ದಿನ ಇಲ್ಲಿಯೇ ಇರಲಿ ಬಿಡಿ” ಎಂದು ಹೇಳಿ, ಅವುಗಳನ್ನು ಮತ್ತೆ ಅಂತರಗಂಗೆಯ ಕೆಳಗೆ ಬಿಟ್ಟನು.